ಪೆಟ್ಟಿಗೆಯಲ್ಲಿ ಉಳಿದ ಟಿಕೆಟ್



ಇದು ಐ.ಡಿ.ಹಳ್ಳಿ ಕಡೆಯ ನಮ್ಮ ಕಲಿಕಾ ಕೇಂದ್ರದಲ್ಲಿ ನಡೆದ ಸಂಗತಿ.

ಆವತ್ತು ತಾರೀಖು ಓದುವ ಪಾಠ. ಮೊದಲು ದಿನ, ಆಮೇಲೆ ತಿಂಗಳು, ಕೊನೆಗೆ ವರ್ಷ. "ತಾರೀಖು ಇರುವ ಕಾಗದ ಮನೆಯಲ್ಲಿ ಏನಿದ್ದರೂ ತನ್ನಿ" ಎಂದು ಹಿಂದಿನ ದಿನವೇ ಹೇಳಿದ್ದೆವು. ಒಬ್ಬರು ಕರೆಂಟ್ ಬಿಲ್ಲು ತಂದರು. ಒಬ್ಬರು ಮಾತ್ರೆಯ ಚೀಟಿ ತಂದರು. ಇನ್ನೊಬ್ಬರು ಮದುವೆ ಕಾಗದ ತಂದರು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಕ್ಕ ಸೆರಗಿನೊಳಗಿಂದ ಐದು ಚೀಟಿ ತೆಗೆದರು. ಬಣ್ಣಬಣ್ಣದ ಗಟ್ಟಿ ಕಾಗದ. ಮಡಿಸಿ ಮಡಿಸಿ ಗೆರೆ ಬಿದ್ದಿತ್ತು.

"ಟೀಚರಮ್ಮ, ಇದು ಇನ್ನೂ ನಡೀತದಾ ನೋಡಿ. ಸೀರೆ ಪೆಟ್ಟಿಗೆಯಲ್ಲಿ ಇತ್ತು" ಎಂದರು.

ಅವು ಬೆಂಗಳೂರಿನ ಹತ್ತಿರದ ಒಂದು ಥೀಮ್ ಪಾರ್ಕಿನ ಟಿಕೆಟ್‌ಗಳು. ಅವರ ಮಗ, ಸೊಸೆ ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುತ್ತಾರೆ. ಬೇಸಿಗೆ ರಜೆಯಲ್ಲಿ ಅಮ್ಮನನ್ನೂ ಮಕ್ಕಳನ್ನೂ ಕರೆದುಕೊಂಡು ಹೋಗೋಣ ಎಂದು ಮಗ ಮೊದಲೇ ದುಡ್ಡು ಕೊಟ್ಟು ತಂದಿದ್ದ. ಅಷ್ಟರಲ್ಲಿ ಅಕ್ಕನ ಮಾವನವರು ಆಸ್ಪತ್ರೆ ಸೇರಿದರು. ಮತ್ತೆ ಮನೆಗೆ ಬರಲಿಲ್ಲ. ಸೂತಕ, ತಿಥಿ, ಆಮೇಲೆ ಬಿತ್ತನೆ. ಟಿಕೆಟ್ ಪೆಟ್ಟಿಗೆ ಸೇರಿತು. "ಅದು ಹೋಯ್ತು ಬಿಡಮ್ಮ" ಎಂದು ಮಗನೂ ಕೈಬಿಟ್ಟಿದ್ದ.

ಹೋಯಿತೋ ಇಲ್ಲವೋ ಎಂದು ಯಾರೂ ಓದಿ ನೋಡಿರಲಿಲ್ಲ. ಆ ರಾತ್ರಿ ನಾವೆಲ್ಲ ಸೇರಿ ಓದಿದೆವು.

ಥೀಮ್ ಪಾರ್ಕ್ ಎಂದರೇನು?

ನಮಗೆಲ್ಲ ಜಾತ್ರೆ ಗೊತ್ತು. ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಹೋದವರು ಇದ್ದೀರಿ. ಜಾತ್ರೆಗೆ ಒಳಗೆ ಹೋಗಲು ದುಡ್ಡಿಲ್ಲ. ತೊಟ್ಟಿಲು ಹತ್ತಿದರೆ, ಕುದುರೆ ಆಟ ಆಡಿದರೆ ಅಲ್ಲಲ್ಲೇ ದುಡ್ಡು ಕೊಡುತ್ತೇವೆ.

ಥೀಮ್ ಪಾರ್ಕಿನಲ್ಲಿ ಇದು ತಿರುಗುಮುರುಗು. ಬಾಗಿಲಲ್ಲೇ ಒಂದು ದಿನದ ದುಡ್ಡು ತೆಗೆದುಕೊಳ್ಳುತ್ತಾರೆ. ಒಳಗೆ ಹೋದ ಮೇಲೆ ಹೆಚ್ಚಿನ ಆಟಗಳಿಗೆ ಬೇರೆ ದುಡ್ಡಿಲ್ಲ. ನೀರಿನಲ್ಲಿ ಜಾರುವ ಆಟ, ಎತ್ತರದಿಂದ ಬೀಳುವ ಆಟ, ತಿರುಗುವ ಚಕ್ರ ಎಲ್ಲವೂ ಅಲ್ಲಿ ಇರುತ್ತವೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಬಿಡದಿ ಹತ್ತಿರ ಇರುವ ವಂಡರ್‌ಲಾ ಇಂಥದ್ದೇ ಒಂದು ಪಾರ್ಕು. ಅದು 2005ರಲ್ಲಿ ಶುರುವಾಯಿತು.

ಒಂದು ಮನೆಯವರೆಲ್ಲ ಹೋಗಬೇಕಾದರೆ ಸಾವಿರಾರು ರೂಪಾಯಿ ಬೇಕು. ಅಷ್ಟು ದುಡ್ಡು ಕೂಡಿಡಲು ನಮಗೆ ಎಷ್ಟು ದಿನ ಬೇಕು ಎಂದು ನಿಮಗೇ ಗೊತ್ತು. ಕಡಲೆಕಾಯಿ ಬಿಡಿಸಿದ ಕೂಲಿ, ಹಾಲು ಮಾರಿದ ದುಡ್ಡು, ಮಗ ಹೆಚ್ಚು ಹೊತ್ತು ದುಡಿದು ಉಳಿಸಿದ ಸಂಬಳ. ಟಿಕೆಟ್ ಎಂದರೆ ಬರೀ ಕಾಗದ ಅಲ್ಲ. ಅದು ನಮ್ಮ ದುಡ್ಡು. ನೋಟನ್ನು ಮರೆತು ಬಿಡುತ್ತೇವೆಯೇ? ಟಿಕೆಟನ್ನೂ ಮರೆಯಬಾರದು.

ಟಿಕೆಟ್ ಓದುವುದು ಹೇಗೆ?

ಅಕ್ಕನ ಟಿಕೆಟಿನಲ್ಲಿ ಅಕ್ಷರಗಳು ಹೆಚ್ಚಾಗಿ ಇಂಗ್ಲಿಷಿನಲ್ಲಿದ್ದವು. "ನಮಗೆ ಕನ್ನಡ ಬಂದಿರೋದೇ ಈಗ, ಇದನ್ನ ಹೆಂಗೆ ಓದೋದು?" ಎಂದು ಒಬ್ಬರು ಕೇಳಿದರು. ಸರಿಯಾದ ಪ್ರಶ್ನೆ. ಆದರೆ ಅಂಕಿಗಳು ಅವೇ. ಕರೆಂಟ್ ಬಿಲ್ಲಿನಲ್ಲಿ ಇರುವ ಅಂಕಿಯೇ ಇಲ್ಲೂ ಇದೆ. ಅಂಕಿ ನೀವು ಓದಿ. ಇಂಗ್ಲಿಷ್ ಮಾತನ್ನು ಗೊತ್ತಿದ್ದವರಿಂದ ಓದಿಸಿಕೊಳ್ಳಿ. ಕೇಳುವುದರಲ್ಲಿ ನಾಚಿಕೆ ಇಲ್ಲ.

ಟಿಕೆಟಿನಲ್ಲಿ ಆರು ಸಂಗತಿ ಹುಡುಕಬೇಕು.

ಒಂದು: ಕೊಂಡ ದಿನ. ಅಕ್ಕನ ಟಿಕೆಟಿನಲ್ಲಿ 12-05 ಎಂದಿತ್ತು. ಅಂದರೆ ಮೇ ತಿಂಗಳ ಹನ್ನೆರಡನೇ ತಾರೀಖು.

ಎರಡು: ಕೊನೆಯ ದಿನ. ಇದೇ ಬಹಳ ಮುಖ್ಯ. ಕೆಲವು ಟಿಕೆಟ್‌ಗಳು ಒಂದೇ ಒಂದು ದಿನಕ್ಕೆ ಇರುತ್ತವೆ. ಆ ದಿನ ಹೋಗದಿದ್ದರೆ ಮುಗಿಯಿತು. ಇವು ದಿನದ ಟಿಕೆಟ್. ಇನ್ನು ಕೆಲವು ಟಿಕೆಟ್‌ಗಳಿಗೆ ಮೂರು ತಿಂಗಳು, ಆರು ತಿಂಗಳು ಹೀಗೆ ಗಡುವು ಇರುತ್ತದೆ. ಗಡುವಿನೊಳಗೆ ಯಾವತ್ತಾದರೂ ಹೋಗಬಹುದು. ಇವು ಗಡುವಿನ ಟಿಕೆಟ್. ನಮ್ಮ ಕೈಯಲ್ಲಿರುವುದು ಯಾವುದು ಎಂದು ಮೊದಲು ತಿಳಿಯಬೇಕು.

ಮೂರು: ಯಾವ ವಾರಗಳಿಗೆ. ಅನೇಕ ಪಾರ್ಕುಗಳಲ್ಲಿ ಕೆಲಸದ ದಿನ ಒಂದು ಬೆಲೆ, ಭಾನುವಾರ ಮತ್ತು ರಜಾದಿನ ಹೆಚ್ಚಿನ ಬೆಲೆ. ಕೆಲಸದ ದಿನದ ಟಿಕೆಟ್ ಹಿಡಿದು ಭಾನುವಾರ ಹೋದರೆ ವ್ಯತ್ಯಾಸದ ದುಡ್ಡು ಕೇಳುತ್ತಾರೆ.

ನಾಲ್ಕು: ಯಾರಿಗೆ. ದೊಡ್ಡವರ ಟಿಕೆಟ್ ಬೇರೆ, ಮಕ್ಕಳ ಟಿಕೆಟ್ ಬೇರೆ. ಮಕ್ಕಳನ್ನು ವಯಸ್ಸಿನಿಂದಲ್ಲ, ಎತ್ತರದಿಂದ ಅಳೆಯುವ ಪಾರ್ಕುಗಳಿವೆ. ಟಿಕೆಟಿನ ಮೇಲೆ ಹೆಸರು ಇದೆಯೇ ಎಂದೂ ನೋಡಿ. ಹೆಸರಿದ್ದರೆ ಬೇರೆಯವರಿಗೆ ನಡೆಯದೇ ಇರಬಹುದು.

ಐದು: ಹಿಂದಿನ ಸಣ್ಣ ಅಕ್ಷರ. ದುಡ್ಡು ವಾಪಸ್ ಕೊಡುತ್ತಾರೋ ಇಲ್ಲವೋ, ದಿನ ಬದಲಿಸಬಹುದೋ, ಎಷ್ಟು ದಿನ ಮುಂಚೆ ತಿಳಿಸಬೇಕು, ಎಲ್ಲ ಅಲ್ಲೇ ಇರುತ್ತದೆ. ಅಕ್ಷರ ಸಣ್ಣದು, ಮಾತು ದೊಡ್ಡದು.

ಆರು: ಫೋನ್ ನಂಬರು.

ಅಕ್ಕನ ಟಿಕೆಟ್ ಯಾವುದು? ಕೊನೆಯ ದಿನದ ಜಾಗಕ್ಕೆ ಬೆರಳಿಟ್ಟು ಅವರೇ ಓದಿದರು. "ಹನ್ನೊಂದು... ಹನ್ನೊಂದು." ನವೆಂಬರ್ ತಿಂಗಳ ಹನ್ನೊಂದನೇ ತಾರೀಖು. ಆವತ್ತು ನವೆಂಬರ್ ಮೂರು. ಇನ್ನೂ ಎಂಟು ದಿನ ಬಾಕಿ ಇತ್ತು!

ಅಲ್ಲಿಂದಲೇ ಮಗನಿಗೆ ಫೋನ್ ಮಾಡಿದರು. "ಅಮ್ಮಾ, ಅದು ಆರು ತಿಂಗಳ ಹಿಂದಿನದು, ಹೋಯ್ತು" ಎಂದ ಮಗ.

"ಹೋಗಿಲ್ಲ ಕಣಪ್ಪ. ಹನ್ನೊಂದನೇ ತಾರೀಖಿನವರೆಗೂ ಐತೆ. ನಾನೇ ಓದಿದೆ" ಎಂದರು ಅಕ್ಕ.

ಕೇಂದ್ರದಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದರು.

ಹೊರಡುವ ಮುಂಚೆ ಕೇಳಿದ್ದು

ಮರುದಿನ ಬೆಳಿಗ್ಗೆ ಟಿಕೆಟಿನ ಮೇಲಿದ್ದ ನಂಬರಿಗೆ ಫೋನ್ ಮಾಡಿಸಿದೆವು. ಮೂರು ಪ್ರಶ್ನೆ ಬರೆದಿಟ್ಟುಕೊಂಡಿದ್ದೆವು. ಈ ಟಿಕೆಟ್ ಇನ್ನೂ ನಡೆಯುತ್ತದೆಯೇ? ಭಾನುವಾರ ಬರಬಹುದೇ? ಬಂದರೆ ಇನ್ನೆಷ್ಟು ಕೊಡಬೇಕು?

ಅವರು ಹೇಳಿದ್ದು ಇಷ್ಟು. ಟಿಕೆಟ್ ನಡೆಯುತ್ತದೆ. ಭಾನುವಾರ ಬಂದರೆ ವ್ಯತ್ಯಾಸ ಕಟ್ಟಬೇಕು. ಮಕ್ಕಳ ಎತ್ತರವನ್ನು ಬಾಗಿಲಲ್ಲಿ ಅಳೆಯುತ್ತೇವೆ.

ಕೆಲಸದ ದಿನ ಹೋದರೆ ದುಡ್ಡು ಉಳಿಯುತ್ತಿತ್ತು. ಆದರೆ ಮಕ್ಕಳ ಸ್ಕೂಲು ತಪ್ಪುತ್ತಿತ್ತು. ಮಗ, ಸೊಸೆಯ ಸಂಬಳವೂ ಮುರಿಯುತ್ತಿತ್ತು. ಅದಕ್ಕೆ ಭಾನುವಾರವೇ ಇರಲಿ ಎಂದು ಅವರೇ ಲೆಕ್ಕ ಹಾಕಿ ತೀರ್ಮಾನ ಮಾಡಿದರು. ಶನಿವಾರ ಸ್ಕೂಲು ಬಿಟ್ಟ ಮೇಲೆ ಅಕ್ಕ ಮೊಮ್ಮಕ್ಕಳನ್ನು ಕರೆದುಕೊಂಡು ಮಧುಗಿರಿಗೆ ಬಂದು ಬೆಂಗಳೂರು ಬಸ್ಸು ಹತ್ತಿದರು. ಎಮ್ಮೆ ನೋಡಿಕೊಳ್ಳಲು ಯಜಮಾನರು ಮನೆಯಲ್ಲೇ ಉಳಿದರು.

ಇಲ್ಲಿ ಇನ್ನೊಂದು ಟಿಕೆಟಿನ ಮಾತು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ದುಡ್ಡಿಲ್ಲ. ಆದರೂ ಕಂಡಕ್ಟರು ಸೊನ್ನೆ ರೂಪಾಯಿಯ ಟಿಕೆಟ್ ಕೊಡುತ್ತಾರೆ. ಅದನ್ನು ಬಿಸಾಡಬೇಡಿ. ಇಳಿಯುವವರೆಗೂ ಕೈಯಲ್ಲಿರಲಿ. ಬೆಲೆ ಸೊನ್ನೆ ಇದ್ದರೂ ಅದು ಟಿಕೆಟೇ.

ಗೆರೆ ದಾಟಿದ ಹುಡುಗಿ

ಪಾರ್ಕಿನ ಬಾಗಿಲಲ್ಲಿ ಎತ್ತರ ಅಳೆಯುವ ಗೆರೆ ಇತ್ತು. ಮೊಮ್ಮಗ ಗೆರೆಯ ಕೆಳಗೇ ಇದ್ದ. ಮೊಮ್ಮಗಳು ನಿಂತಾಗ ತಲೆ ಗೆರೆಗಿಂತ ಮೇಲೆ ಬಂತು! ಮೇ ತಿಂಗಳಲ್ಲಿ ಅವಳು ಮಕ್ಕಳ ಟಿಕೆಟಿಗೆ ಸರಿಯಾಗಿದ್ದಳು. ಟಿಕೆಟ್ ಪೆಟ್ಟಿಗೆಯಲ್ಲಿ ಮಲಗಿತ್ತು. ಹುಡುಗಿ ಮಲಗಿರಲಿಲ್ಲ, ಬೆಳೆಯುತ್ತಿದ್ದಳು.

ಹಳೆಯ ಟಿಕೆಟಿನಲ್ಲಿ ಇದೂ ಒಂದು ತೊಡಕು. ಕಾಗದ ಹಾಗೇ ಇರುತ್ತದೆ. ಬೆಲೆ ಏರುತ್ತದೆ, ಮಕ್ಕಳು ಬೆಳೆಯುತ್ತಾರೆ.

ಈಗ ಲೆಕ್ಕ ನೋಡೋಣ. ದೊಡ್ಡವರ ಮೂರು ಟಿಕೆಟ್, ಒಂದಕ್ಕೆ 1,000 ರೂಪಾಯಿ. ಒಟ್ಟು 3,000. ಮಕ್ಕಳ ಎರಡು ಟಿಕೆಟ್, ಒಂದಕ್ಕೆ 800. ಒಟ್ಟು 1,600. ಮಗ ಮೊದಲೇ ಕೊಟ್ಟಿದ್ದು 4,600 ರೂಪಾಯಿ.

ಭಾನುವಾರ ದೊಡ್ಡವರಿಗೆ 1,200. ಮಕ್ಕಳಿಗೆ 950. ಮೊಮ್ಮಗಳು ಈಗ ದೊಡ್ಡವರ ಲೆಕ್ಕ. ನಾಲ್ಕು ಜನಕ್ಕೆ 4,800, ಮೊಮ್ಮಗನಿಗೆ 950. ಒಟ್ಟು 5,750.

5,750ರಲ್ಲಿ 4,600 ಕಳೆಯಿರಿ. ಉಳಿದದ್ದು 1,150. ಅಷ್ಟನ್ನು ಕಟ್ಟಿ ಐವರೂ ಒಳಗೆ ಹೋದರು. ಓದದೇ ಇದ್ದಿದ್ದರೆ 4,600 ರೂಪಾಯಿ ಪೆಟ್ಟಿಗೆಯಲ್ಲೇ ಕಸವಾಗುತ್ತಿತ್ತು.

ಬಾಗಿಲಿಂದ ಹಿಂದಕ್ಕೆ ಬಂದವರು

ಎಲ್ಲರಿಗೂ ಹೀಗೆ ಆಗುವುದಿಲ್ಲ. ನಾವು ಬಲ್ಲ ಒಂದು ಮಹಿಳಾ ಸಂಘದ ಇಪ್ಪತ್ತು ಜನ ಉಳಿತಾಯದ ದುಡ್ಡಿನಿಂದ ಇನ್ನೊಂದು ಪಾರ್ಕಿಗೆ ಟಿಕೆಟ್ ಮಾಡಿಸಿದ್ದರು. ಒಬ್ಬರಿಗೆ 1,000 ರೂಪಾಯಿ. ಒಟ್ಟು 20,000. ಹೊರಡುವ ಹಿಂದಿನ ದಿನ ಗೊತ್ತು ಮಾಡಿದ್ದ ವ್ಯಾನು ಕೆಟ್ಟು ನಿಂತಿತು. "ಇರಲಿ, ಮುಂದಿನ ವಾರ ಹೋದರಾಯ್ತು" ಎಂದುಕೊಂಡರು. ಮುಂದಿನ ವಾರ ಅದೇ ಟಿಕೆಟ್ ಹಿಡಿದು ಹೋದರು. "ಇದು ಹೋದ ವಾರದ್ದು, ನಡೆಯಲ್ಲ" ಎಂದರು ಬಾಗಿಲಿನವರು. ಎಷ್ಟು ಕೇಳಿಕೊಂಡರೂ ಬಿಡಲಿಲ್ಲ. ಕಟ್ಟಿಕೊಂಡು ಹೋಗಿದ್ದ ಬುತ್ತಿಯನ್ನು ರಸ್ತೆಬದಿಯ ಮರದ ಕೆಳಗೆ ಬಿಚ್ಚಿ ಉಂಡು ವಾಪಸ್ ಬಂದರು. ಆಮೇಲೆ ಎಷ್ಟೋ ದಿನ ಸಂಘದಲ್ಲಿ ಅದೇ ಜಗಳ.

ಅವರದು ದಿನದ ಟಿಕೆಟ್. ಅದರ ಹಿಂದೆ ಸಣ್ಣ ಅಕ್ಷರದಲ್ಲಿ ಹೀಗೆ ಇತ್ತು: ದಿನ ಬದಲಿಸಬೇಕಾದರೆ ಒಂದು ದಿನ ಮುಂಚೆ ತಿಳಿಸಬೇಕು. ವ್ಯಾನು ಕೆಟ್ಟಿದ್ದು ಹಿಂದಿನ ದಿನವೇ. ಆವತ್ತೇ ಒಂದು ಫೋನ್ ಮಾಡಿದ್ದರೆ 20,000 ರೂಪಾಯಿ ಉಳಿಯುತ್ತಿತ್ತು. ಇಪ್ಪತ್ತು ಜನರಲ್ಲಿ ಓದು ಬಂದವರೂ ಇದ್ದರು. ಆದರೆ ಯಾರೂ ಟಿಕೆಟ್ ತಿರುಗಿಸಿ ನೋಡಿರಲಿಲ್ಲ.

ಹೋಗಲು ಆಗುವುದಿಲ್ಲ ಎಂದು ಗೊತ್ತಾದ ತಕ್ಷಣ ಏನು ಮಾಡಬೇಕು? ದಿನ ಕಳೆಯುವ ಮುಂಚೆ ಫೋನ್ ಮಾಡಬೇಕು. ದಿನ ಬದಲಿಸಿಕೊಡಿ ಎಂದು ಕೇಳಬೇಕು. ಆಗುವುದಿಲ್ಲ ಎಂದರೆ, ಟಿಕೆಟಿನ ಮೇಲೆ ಹೆಸರಿಲ್ಲದಿದ್ದರೆ, ಗುರುತಿನವರಿಗೆ ಕೊಡಬಹುದೇ ಎಂದು ಕೇಳಬೇಕು. ಕೊಡಬಹುದಾದರೆ ಪರಿಚಯದ ಮನೆಯವರು ಹೋಗಿ ಬರಲಿ. ದುಡ್ಡು ವಾಪಸ್ ಬರುತ್ತದೆ. ದಿನ ಕಳೆದ ಮೇಲೆ ನಮ್ಮ ಕೈಯಲ್ಲಿ ಉಳಿಯುವುದು ವಿನಂತಿ ಮಾತ್ರ.

ದೂರದ ಎರಡು ಕಥೆ

ಅಮೆರಿಕ ದೇಶದಲ್ಲಿ ಡಿಸ್ನಿಲ್ಯಾಂಡ್ ಎಂಬ ಹೆಸರಾದ ಪಾರ್ಕು ಇದೆ. ಅದು 1955ರಲ್ಲಿ ಶುರುವಾಯಿತು. ಅಲ್ಲಿ ಮೊದಲು ನಮ್ಮ ಜಾತ್ರೆಯ ಹಾಗೆ ಒಂದೊಂದು ಆಟಕ್ಕೂ ಬೇರೆ ಬೇರೆ ಚೀಟಿ ಇತ್ತು. ಚೀಟಿಗಳ ಪುಸ್ತಕವನ್ನೇ ಮಾರುತ್ತಿದ್ದರು. 1982ರಲ್ಲಿ ಅದನ್ನು ನಿಲ್ಲಿಸಿದರು. 1985ರಲ್ಲಿ ಪಾರ್ಕಿಗೆ ಮೂವತ್ತು ವರ್ಷ ತುಂಬಿದಾಗ ಬಂದವರಿಗೆ ಬಹುಮಾನ ಹಂಚಿದರು. ಕೆನಡಾ ದೇಶದ ಒಬ್ಬ ಹುಡುಗಿಗೆ ಒಂದು ಪಾಸು ಸಿಕ್ಕಿತು. ಅವಳು ಅದನ್ನು ಬಳಸಲೇ ಇಲ್ಲ. 2019ರಲ್ಲಿ, 34 ವರ್ಷದ ಮೇಲೆ, ಅದೇ ಪಾಸು ಹಿಡಿದು ಹೋದಳು. ಅದರಲ್ಲಿ ಕೊನೆಯ ದಿನ ಬರೆದಿರಲಿಲ್ಲ. ಪಾರ್ಕಿನವರು ಒಳಗೆ ಬಿಟ್ಟರು. ಅಮೆರಿಕದ ಡಿಸ್ನಿ ಪಾರ್ಕುಗಳಲ್ಲಿ ಪೂರ್ತಿ ಬಳಸದೇ ಉಳಿದ ಹಳೆಯ ಟಿಕೆಟಿಗೆ ಕೊಟ್ಟ ದುಡ್ಡನ್ನು ಹೊಸ ಟಿಕೆಟಿನ ಬೆಲೆಯಲ್ಲಿ ಮುರಿದುಕೊಳ್ಳುವ ಪದ್ಧತಿಯೂ ಇದೆ. ಹೆಚ್ಚಿನ ಬೆಲೆಯನ್ನು ಮಾತ್ರ ಕಟ್ಟಬೇಕು.

ಇನ್ನೊಂದು ಕಥೆ ದೆಹಲಿಯದು. 1984ರಲ್ಲಿ ಅಲ್ಲಿ ಅಪ್ಪು ಘರ್ ಎಂಬ ಪಾರ್ಕು ತೆರೆಯಿತು. ನಮ್ಮ ದೇಶದ ಮೊದಲ ದೊಡ್ಡ ಮನರಂಜನಾ ಪಾರ್ಕು ಎಂದು ಅದಕ್ಕೆ ಹೆಸರು. 2008ರಲ್ಲಿ ಅದು ಮುಚ್ಚಿತು. ಅದರ ಟಿಕೆಟ್ ಯಾರ ಮನೆಯಲ್ಲಾದರೂ ಉಳಿದಿದ್ದರೆ ಈಗ ಅದು ನೆನಪಿನ ಕಾಗದ ಅಷ್ಟೇ. ಒಳಗೆ ಹೋಗಲು ಬಾಗಿಲೇ ಇಲ್ಲ.

ಎಲ್ಲ ಪಾರ್ಕೂ ಡಿಸ್ನಿಲ್ಯಾಂಡ್ ಅಲ್ಲ. ಆದ್ದರಿಂದ ಟಿಕೆಟ್ ಇಟ್ಟುಕೊಂಡು ಕಾಯಬಾರದು. ಆದರೆ ಓದದೇ ಬಿಸಾಡಲೂ ಬಾರದು.

ತಪ್ಪು ಅವರದಾದರೆ?

ಇಲ್ಲಿ ಒಂದು ವ್ಯತ್ಯಾಸ ತಿಳಿಯಿರಿ. ಟಿಕೆಟ್ ಸರಿಯಾಗಿದ್ದು ನಾವೇ ಹೋಗದೇ ಉಳಿದರೆ ಟಿಕೆಟಿನ ಹಿಂದೆ ಬರೆದ ನಿಯಮದಂತೆ ನಡೆಯಬೇಕಾಗುತ್ತದೆ. ಆದರೆ ಆ ದಿನ ಪಾರ್ಕೇ ಮುಚ್ಚಿದ್ದರೆ? ಕೊನೆಯ ದಿನ ಬಾಕಿ ಇದ್ದರೂ ಒಳಗೆ ಬಿಡದಿದ್ದರೆ? ಆಗ ನಾವು ದುಡ್ಡು ವಾಪಸ್ ಕೇಳಬಹುದು.

ಇದಕ್ಕೆ ಗ್ರಾಹಕರ ರಕ್ಷಣೆಯ ಕಾನೂನು ಇದೆ. ಮೊದಲ ಕಾನೂನು 1986ರದು. ಅದರ ಬದಲಿಗೆ 2019ರ ಹೊಸ ಕಾನೂನು ಬಂತು. ಅದು 2020ರ ಜುಲೈಯಿಂದ ಜಾರಿಯಲ್ಲಿದೆ. ದುಡ್ಡು ಕೊಟ್ಟು ವಸ್ತು ಅಥವಾ ಸೇವೆ ಪಡೆಯುವವರೆಲ್ಲ ಗ್ರಾಹಕರು. ಥೀಮ್ ಪಾರ್ಕಿಗೆ ಹೋಗುವ ನಾವೂ ಗ್ರಾಹಕರೇ.

ಮೊದಲು ಪಾರ್ಕಿನವರಿಗೆ ಬರೆದು ಕೇಳಿ. ಆಗದಿದ್ದರೆ 1915 ನಂಬರಿಗೆ ಫೋನ್ ಮಾಡಿ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಕನ್ನಡದಲ್ಲಿ ಮಾತಾಡಬಹುದು. ಅಲ್ಲೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಬಹುದು. ಪಾರ್ಕು ಬೆಂಗಳೂರಿನ ಕಡೆ ಇದ್ದರೂ ದೂರು ಕೊಡಲು ಅಲ್ಲಿಗೆ ಹೋಗಬೇಕಿಲ್ಲ. ನಾವು ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ತುಮಕೂರಿನಲ್ಲೇ ಕೊಡಬಹುದು. ತೊಂದರೆ ಆದ ದಿನದಿಂದ ಎರಡು ವರ್ಷದೊಳಗೆ ಕೊಡಬೇಕು. ಕೊಟ್ಟ ದುಡ್ಡು ಐದು ಲಕ್ಷದೊಳಗೆ ಇದ್ದರೆ ಆಯೋಗದಲ್ಲಿ ದೂರಿಗೆ ಶುಲ್ಕ ಇಲ್ಲ. ಟಿಕೆಟ್, ರಸೀದಿ, ದುಡ್ಡು ಕಟ್ಟಿದ ಗುರುತು ಇವೇ ಸಾಕ್ಷಿ. ಅವನ್ನು ಕಳೆಯಬೇಡಿ.

ಫೋನಿನಲ್ಲಿ ಟಿಕೆಟ್ ಇದ್ದರೆ

ಈಗ ಹೆಚ್ಚು ಟಿಕೆಟ್ ಫೋನಿಗೇ ಬರುತ್ತದೆ. ಅದರಲ್ಲಿ ಕಪ್ಪು ಚುಕ್ಕಿಗಳ ಒಂದು ಚೌಕ ಇರುತ್ತದೆ. ಬಾಗಿಲಲ್ಲಿ ಯಂತ್ರ ಆ ಚೌಕವನ್ನು ಓದುತ್ತದೆ. ಒಂದು ಸಲ ಓದಿದರೆ ಟಿಕೆಟಿನ ಕೆಲಸ ಮುಗಿಯಿತು. ಆದ್ದರಿಂದ ಟಿಕೆಟಿನ ಫೋಟೋವನ್ನು ವಾಟ್ಸಾಪಿನಲ್ಲಿ ಎಲ್ಲರಿಗೂ ಕಳಿಸಬೇಡಿ. ಬೇರೆ ಯಾರಾದರೂ ಅದನ್ನು ತೋರಿಸಿ ನಮಗಿಂತ ಮುಂಚೆ ಒಳಗೆ ಹೋಗಬಹುದು.

"ಹಳೆ ಟಿಕೆಟಿಗೆ ದುಡ್ಡು ಕೊಡಿಸುತ್ತೇವೆ, ಫೋನಿಗೆ ಬಂದ ಓಟಿಪಿ ನಂಬರು ಹೇಳಿ" ಎಂದು ಯಾರಾದರೂ ಕರೆದರೆ ಹೇಳಬೇಡಿ. ಅದು ಮೋಸ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ.

ಕೊನೆಗೆ ಒಂದು ಮಾತು

ಸೋಮವಾರ ರಾತ್ರಿ ಅಕ್ಕ ಕೇಂದ್ರಕ್ಕೆ ಬಂದರು. ಮೈಕೈ ನೋವು ಎಂದರು, ನಗುತ್ತಲೇ ಇದ್ದರು. "ನೀರಲ್ಲಿ ಜಾರಿದೆ ಟೀಚರಮ್ಮ. ಮೊಮ್ಮಗಳು ಕೈ ಹಿಡ್ಕೊಂಡಿದ್ದಳು. ಐವತ್ತು ವರ್ಷಕ್ಕೆ ಮೊದಲ ಸಲ ಹಂಗೆ ಕಿರುಚಿದ್ದು!" ಎಂದರು.

ಆಮೇಲೆ ಐದು ಹಳೆಯ ಟಿಕೆಟಿನ ತುಂಡುಗಳನ್ನು ತೆಗೆದು ತೋರಿಸಿದರು. ಬಾಗಿಲಲ್ಲಿ ಅರ್ಧ ಹರಿದು ಕೊಟ್ಟಿದ್ದರು. "ಇನ್ನು ಇದನ್ನ ಪೆಟ್ಟಿಗೆಯಲ್ಲಿ ಇಡಬಹುದು" ಎಂದರು.

ನಿಮ್ಮ ಪೆಟ್ಟಿಗೆಯಲ್ಲಿ ಏನಿದೆ? ಇವತ್ತೇ ತೆಗೆದು ನೋಡಿ. ಯಾವ ಕಾಗದದ ಕೊನೆಯ ದಿನ ಹತ್ತಿರ ಬಂದಿದೆಯೋ ಯಾರಿಗೆ ಗೊತ್ತು?

ಓದಿ ಹೇಳಿ

1. ದಿನದ ಟಿಕೆಟಿಗೂ ಗಡುವಿನ ಟಿಕೆಟಿಗೂ ಏನು ವ್ಯತ್ಯಾಸ?
2. ಮೊಮ್ಮಗಳಿಗೆ ಹೆಚ್ಚು ದುಡ್ಡು ಏಕೆ ಕಟ್ಟಬೇಕಾಯಿತು?
3. ಮಹಿಳಾ ಸಂಘದವರು ಯಾವ ದಿನ ಫೋನ್ ಮಾಡಬೇಕಿತ್ತು?
4. ಗ್ರಾಹಕ ಸಹಾಯವಾಣಿಯ ನಂಬರು ಯಾವುದು?

ಲೆಕ್ಕ ಮಾಡಿ

ಅಕ್ಕನ ಮನೆಯವರು ಕೆಲಸದ ದಿನವೇ ಹೋಗಿದ್ದರೆ ಮೊಮ್ಮಗಳ ಟಿಕೆಟಿಗೆ ಮಾತ್ರ ವ್ಯತ್ಯಾಸ ಕಟ್ಟಬೇಕಿತ್ತು. ಮಕ್ಕಳ ಟಿಕೆಟ್ 800, ದೊಡ್ಡವರ ಟಿಕೆಟ್ 1,000. ಎಷ್ಟು ಕಟ್ಟಬೇಕಿತ್ತು? ಭಾನುವಾರ ಕಟ್ಟಿದ 1,150ಕ್ಕಿಂತ ಅದು ಎಷ್ಟು ಕಡಿಮೆ?

ಮಾಡಿ ನೋಡಿ

ಮನೆಯಲ್ಲಿರುವ ತಾರೀಖಿನ ಕಾಗದಗಳನ್ನು ಒಂದು ಕಡೆ ಸೇರಿಸಿ. ಪ್ರತಿಯೊಂದರ ಕೊನೆಯ ದಿನವನ್ನು ಹುಡುಕಿ. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ನಿಮ್ಮ ಕೈಯಿಂದಲೇ ಗುರುತು ಹಾಕಿ.